ಧ್ವನಿ ನುಂಗಿದ ಸಾಬೂನು ಡಬ್ಬಿ

ಇದನ್ನು ಹೇಳಲು ನಾಲ್ಕು ವರ್ಷ ತಡಮಾಡಿದ್ದೇನೆ. ಮೊದಲು ಮೊಣಕಾಲಿನ ನೆಪ, ಆಮೇಲೆ ಕಣ್ಣಿನ ನೆಪ. ದುರದೃಷ್ಟ, ಈಗ ಎರಡೂ ವಾಸಿಯಾಗಿವೆ.

ನಾನು ರೋಣದಲ್ಲಿ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು. ಓದಿದ್ದು ಮೆಟ್ರಿಕ್, ಗತ್ತು ಇಂಜಿನಿಯರನದು. ಗಜೇಂದ್ರಗಡದ ನಮ್ಮ ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆ ಮೈಕಿನ ಹೊಣೆಯನ್ನು ನಾನಾಗಿಯೇ ಹೊತ್ತೆ. ಬೀಗರು ತಂದಿದ್ದ ಹೊಸ ಸೌಂಡ್ ಮಿಕ್ಸರ್ ಮೈಕಿನ ಧ್ವನಿಯನ್ನು ಎರಡು ತಂತಿಗಳಲ್ಲಿ ಕಳಿಸುತ್ತಿತ್ತು: ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗಾಗಿ. ನನ್ನ ಹಳೆಯ ಆಂಪ್ಲಿಫೈಯರಿಗೆ ಬೇಕಾದದ್ದು ಒಂದೇ ತಂತಿ. ತಲೆಕೆಳಗಾದದ್ದನ್ನು ತಿರುವಿ ಇನ್ನೊಂದರೊಂದಿಗೆ ಕೂಡಿಸಿದರೆ ಧ್ವನಿ ಇಮ್ಮಡಿ. ದಾರಿಯಲ್ಲಿ ಎರಡಕ್ಕೂ ಒಂದೇ ರೀತಿ ಅಂಟಿದ ಗುಂಯ್ ಎನ್ನುವ ಸದ್ದು ವಜಾ. ಅಂಥ ಸಾಧನ ಅಂಗಡಿಯಲ್ಲಿ ಸಿಗುತ್ತದೆ. ಆದರೆ ನಾನು ಕೊಳ್ಳುವವನೇ! ನರಗುಂದದಿಂದ ಟ್ರಾನ್ಸಿಸ್ಟರ್ ತಂದು, ಸ್ವಂತ ನಕ್ಷೆ ಬರೆದು, ಸಾಬೂನು ಡಬ್ಬಿಯೊಳಗೆ ನಿರ್ಮಿಸಿದೆ. ಮೊಬೈಲಿನ ಹಾಡನ್ನು ಮೊದಲ ತಂತಿಗೆ ಕೊಟ್ಟೆ, ಕೇಳಿತು. ಎರಡನೆಯದಕ್ಕೆ ಕೊಟ್ಟೆ, ಅದೂ ಕೇಳಿತು.

"ಎರಡೂ ಕೂಡಿಸಿ ಒಮ್ಮಿ ನೋಡಬಾರದೇನ್ರಿ?" ಎಂದಳು ಹೆಂಡತಿ.

"ಬ್ಯಾರೆ ಬ್ಯಾರೆ ಚಲೋ ಇದ್ದದ್ದು ಕೂಡಿದ್ರ ಕೆಡತೈತೇನ?"

ಮದುವೆಯಾದವನು ಕೇಳುವ ಪ್ರಶ್ನೆಯಲ್ಲ ಅದು.

ಕಾರ್ಯದ ದಿನ ಜೋಗುಳ ಹಾಡಲು ಮಗುವಿನ ಮುತ್ತಜ್ಜಿ ನಿಂಗವ್ವ ಶಿರೋಳದಿಂದ ಬಂದಿದ್ದಳು. ಸುತ್ತಲಿನ ಎಷ್ಟೋ ತೊಟ್ಟಿಲುಗಳಿಗೆ ಹಾಡಿದವಳು. ಇದು ತನ್ನದೇ ಮರಿಮೊಮ್ಮಗುವಿನದು. ಅವಳು ಹಾಡು ಹಿಡಿದಳು. ಹಾಲ್ ತುಂಬ ಗುಂಯ್! ಅವಳ ತುಟಿಗಳು ಆಡುತ್ತಿದ್ದವು. ಮಿಕ್ಸರಿನ ದೀಪಗಳು ಅವಳ ದನಿಗೆ ತಕ್ಕಂತೆ ಏರಿಳಿಯುತ್ತಿದ್ದವು. ದನಿ ಅಲ್ಲಿಯವರೆಗೆ ಸರಿಯಾಗಿಯೇ ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಬೀಗರು ನನ್ನತ್ತ ತಿರುಗಿದರು.

"ಯಕ್ಕಾರ, ಮಷಿನ್ ಬರೋಬರಿ ಐತ್ರಿ," ಎಂದೆ ಮುತ್ತಜ್ಜಿಗೆ. "ನಿಮ್ಮ ದನಿನ ಬಿದ್ದೈತಿ."

ಅವಳು ಗಂಟಲು ಮುಟ್ಟಿಕೊಂಡಳು. "ಇರಬೌದಪಾ, ವಯಸ್ಸಾತು," ಎಂದು ಮೈಕು ಕೊಟ್ಟು ತೊಟ್ಟಿಲ ಬದಿಗೆ ಕೂತಳು.

ಮನೆಗೆ ಬಂದು ಡಬ್ಬಿ ಬಿಚ್ಚಿದೆ. ಟ್ರಾನ್ಸಿಸ್ಟರಿಗೆ ಮೂರು ಕಾಲು. ಎರಡನೆಯ ತಂತಿಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನಿಂದ ಧ್ವನಿ ತೆಗೆದಿದ್ದರೆ ಅದು ತಿರುವಿಕೊಂಡು ಬರುತ್ತಿತ್ತು. ನಾನು ಎರಡು ತಂತಿಗಳಿಗೂ ಧ್ವನಿಯನ್ನು ತಿರುವದ ಎಮಿಟರ್ ಕಾಲನ್ನೇ ಹಿಡಿದಿದ್ದೆ. ನೆಟ್ಟಗಿನದೂ ತಲೆಕೆಳಗಿನದೂ ಒಂದನ್ನೊಂದು ಹೊಡೆದುಹಾಕಿ ಧ್ವನಿ ಸೊನ್ನೆ, ಗುಂಯ್ ಇಮ್ಮಡಿ. ಗದ್ದಲ ಅಳಿಸಿ ಮನುಷ್ಯರ ದನಿ ಉಳಿಸಬೇಕಾದ ಯಂತ್ರ, ದನಿ ಅಳಿಸಿ ಗದ್ದಲ ಉಳಿಸಿತ್ತು. ಇಂಥ ಆವಿಷ್ಕಾರ ನನ್ನೊಬ್ಬನಿಂದಲೇ ಸಾಧ್ಯ!

"ಶಿರೋಳಕ್ಕ ಹೋಗಿ ಖರೇ ಹೇಳಿ ಬರ್ರಿ," ಎಂದಳು ಹೆಂಡತಿ. ಮೂರು ಸಲ ಹೊರಟೆ. ಮೂರು ಸಲವೂ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ಮನೆಗೆ ಮರಳಿದೆ.

ಆಮೇಲೆ ಬೀಗರಿಂದ ತಿಳಿಯಿತು: ಅವಳನ್ನು ದವಾಖಾನಿಗೆ ಕರೆದೊಯ್ದಿದ್ದರು, ಗಂಟಲಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರೂ ಅವಳು ನಂಬಲಿಲ್ಲವಂತೆ. "ಡಾಕ್ಟರಗೇನ ಗೊತ್ತು? ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವ್ರ ಹೇಳ್ಯಾರ."

ಮತ್ತೆ ಯಾವ ತೊಟ್ಟಿಲಿಗೂ ಅವಳು ಹಾಡಲಿಲ್ಲ. ಹೋದ ವರ್ಷ ತೀರಿಕೊಂಡಳು.

ಡಬ್ಬಿಯನ್ನು ಸರಿಪಡಿಸಿದ್ದೇನೆ. ಒಂದು ಮಧ್ಯಾಹ್ನ ಮೈಕು ಜೋಡಿಸಿ ಅದರ ಮುಂದೆ ಕೂತೆ. ತಪ್ಪಾಯಿತು ಎಂದೆ. ಒಂದಿಷ್ಟೂ ಗುಂಯ್ ಇಲ್ಲದೆ ಸ್ಪಷ್ಟವಾಗಿ ಕೇಳಿತು. "ಅಡಗಿಮನಿತನಕಾ ಕೇಳತೈತ್ರಿ," ಎಂದಳು ಹೆಂಡತಿ. ಯಾರಿಗೆ ಹೇಳುತ್ತಿದ್ದೀರಿ ಎಂದು ಅವಳು ಕೇಳಲಿಲ್ಲ. ಆದರೂ ಮೈಕಿನಲ್ಲಿ ಹೆಸರು ಹೇಳಿದೆ: ನಿಂಗವ್ವ.