ಸಿಡಿಲಪ್ಪನ ಎದೆಗೂಡು

ಜೀವಮಾನವಿಡೀ ಜನರ ಮೈಗೆ ಟೇಪು ಸುತ್ತಿದವನು ನಾನು. ಯಾರ ಎಡಭುಜ ಇಳಿದಿದೆ, ಯಾರ ಹೊಟ್ಟೆ ಬೆಲ್ಟಿನ ಮೇಲೆ ಬಿಡಾರ ಹೂಡಿದೆ, ಯಾರು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ದರ್ಜಿಗೇ ಟೋಪಿ ಹಾಕುತ್ತಾರೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಲಿಲ್ಲ, ನಿಜ. ಆದರೆ ಮಾನವದೇಹವೆಂಬ ಗ್ರಂಥವನ್ನು ಕಲಿಸುವವರಿಲ್ಲದೆ ನಾನೇ ಓದಿಕೊಂಡಿದ್ದೇನೆ. ಇಷ್ಟಾದರೂ ನನ್ನ ಪಾಂಡಿತ್ಯಕ್ಕೆ ಮನೆಯಲ್ಲಿ ಕವಡೆಯ ಕಿಮ್ಮತ್ತಿಲ್ಲ. (ನಾನು ಓದಿದ್ದು ಆ ಗ್ರಂಥದ ಹೊರಗಿನ ರಟ್ಟು ಮಾತ್ರ ಎಂದು ನನ್ನ ಹೆಂಡತಿಯ ಅಭಿಪ್ರಾಯ.)

ನನ್ನ ಸೊಸೆ ಮಕ್ಕಳ ವಾರಪತ್ರಿಕೆಯೊಂದಕ್ಕೆ ಚಿತ್ರಕಥೆ ಬರೆಯುತ್ತಾಳೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ, ನನ್ನ ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ ಈಗ ಅವಳ ಮೇಜು. ಅವಳ ಕಥಾನಾಯಕ ಸಿಡಿಲಪ್ಪ ಹಾರುತ್ತಾನೆ, ಬಸ್ಸು ಎತ್ತುತ್ತಾನೆ. ಎತ್ತಲಿ, ನನ್ನ ಅಭ್ಯಂತರವಿಲ್ಲ. ಆದರೆ ಅವನ ಮೈ! ಕತ್ತು ತಲೆಗಿಂತ ದಪ್ಪ. ಅದಕ್ಕೆ ಕಾಲರ್ ಹೊಲಿಯಬೇಕಾದರೆ ಬಟ್ಟೆಯ ಇಡೀ ಥಾನೇ ತರಿಸಬೇಕು. ಹೊಟ್ಟೆಯ ಮೇಲೆ ಇಟ್ಟಿಗೆ ಪೇರಿಸಿದಂತೆ ಗಂಟುಗಳು. ಅವನ ಜೊತೆಗಾರ್ತಿ ಮಿಂಚಮ್ಮನ ಸೊಂಟ ನನ್ನ ಮುಂಗೈಯಷ್ಟು. ಇವಳು ಕರುಳನ್ನು ಯಾರ ಮನೆಯಲ್ಲಿ ಇಟ್ಟುಬಂದಿದ್ದಾಳೆ ಎಂದು ಸೊಸೆಯನ್ನು ಕೇಳಿದ್ದೆ. ಸಿಡಿಲಪ್ಪನ ಭುಜಕ್ಕೆ ಗುಂಡು ಬಿದ್ದರೆ ಸೊಳ್ಳೆ ಕಚ್ಚಿದವನಂತೆ ಕೊಡವಿಕೊಳ್ಳುತ್ತಾನೆ. ತಲೆಗೆ ಕಬ್ಬಿಣದ ತೊಲೆ ಅಪ್ಪಳಿಸಿದರೆ ಮಧ್ಯಾಹ್ನದ ನಿದ್ದೆ ಮುಗಿಸಿದವನಂತೆ ಮೈ ಮುರಿದು ಏಳುತ್ತಾನೆ. ಮಹಡಿಯಿಂದ ಬೀಳುವವರನ್ನು ನೆಲಕ್ಕೆ ಗೇಣುದ್ದ ಇರುವಾಗ ಕೈಯೊಡ್ಡಿ ಹಿಡಿಯುತ್ತಾನೆ. ಬೀಳುವ ಬೆನ್ನೆಲುಬಿಗೆ ನೆಲವೂ ಒಂದೇ, ಆ ಕಲ್ಲಿನಂಥ ತೋಳೂ ಒಂದೇ ಅಲ್ಲವೇ?

ಸೊಸೆ ಇದನ್ನೆಲ್ಲ ನಕ್ಕು ಮರೆಯುತ್ತಿದ್ದಳು, ಸಂಪಾದಕರ ಫೋನ್ ಬರುವ ತನಕ. ಮಕ್ಕಳ ಡಾಕ್ಟರೊಬ್ಬರು ಅವರನ್ನು ತರಾಟೆಗೆ ತೆಗೆದುಕೊಂಡಿದ್ದರಂತೆ. ಖಳನಾಯಕನ ಯಂತ್ರವೊಂದು ಸಿಡಿಲಪ್ಪನ ಮೈಯ ಒಳಗನ್ನು ತೋರಿಸುವ ಪುಟದಲ್ಲಿ ಹೃದಯವು ಕುಂಬಳಕಾಯಿ ಗಾತ್ರವಾಗಿ ಹೊಟ್ಟೆಗೆ ಇಳಿದುಬಿಟ್ಟಿತ್ತು. ಹೃದಯ ಎಡಕ್ಕೆ, ಲಿವರ್ ಬಲಕ್ಕೆ, ಇಷ್ಟೂ ತಿಳಿಯದವರು ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ಡಾಕ್ಟರು ಕೇಳಿದರಂತೆ. ಇನ್ನೊಂದು ತಪ್ಪಾದರೆ ಕಥೆಯನ್ನು ಬೇರೆಯವರ ಕೈಗೆ ಕೊಡುವುದಾಗಿ ಹೇಳಿ ಸಂಪಾದಕರು ಫೋನ್ ಇಟ್ಟರು. ಅಂದು ಸಂಜೆ ಕಳಿಸಬೇಕಾದ ಪುಟಗಳಲ್ಲೂ ಅದೇ ಯಂತ್ರ, ಅದೇ ಎದೆಗೂಡು.

ಸೊಸೆ ತಲೆ ಮೇಲೆ ಕೈಹೊತ್ತು ಕೂತಳು. "ಕೆಲಸ ಹೋದ್ರೆ ಹೋಗ್ಲಿ ಮಾವ. ಸಿಡಿಲಪ್ಪ ನನ್ನ ಕೈಯಲ್ಲಿ ಹುಟ್ಟಿದೋನು. ಅವನನ್ನ ಇನ್ಯಾರೋ ಬರೀತಾರಲ್ಲ, ಅದನ್ನ ಹೇಗೆ ನೋಡ್ಲಿ?"

"ನಾನಿಲ್ಲವೇನಮ್ಮಾ?" ಎಂದೆ.

"ಅದೇ ಅವಳಿಗೂ ದಿಗಿಲು," ಎಂದಳು ನನ್ನ ಹೆಂಡತಿ.

ರಾತ್ರಿಯಿಡೀ ಕೂತು ಬರೆದಿದ್ದ ಸೊಸೆಗೆ ಕಣ್ಣು ಎಳೆಯುತ್ತಿತ್ತು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಡಿ, ಎದ್ದು ಶಾಯಿ ಹಾಕುತ್ತೇನೆ ಎಂದು ಹೇಳಿ ಒರಗಿದಳು. ನಾನು ಕನ್ನಡಕ ಒರೆಸಿಕೊಂಡು ಕೂತೆ. ನಮ್ಮ ಕಸುಬಿನಲ್ಲಿ ಒಂದು ಶಿಸ್ತಿದೆ: ಗುರುತನ್ನು ಎಂದೂ ಬಟ್ಟೆಯ ಒಳ್ಳೆಯ ಮಗ್ಗುಲಿಗೆ ಹಾಕಬಾರದು, ಹಿಮ್ಮಗ್ಗುಲಿಗೇ ಹಾಕಬೇಕು. ಅದರಂತೆ ಹಾಳೆಗಳನ್ನು ತಿರುವಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬೆಳಕಿನಲ್ಲಿ ಸಿಡಿಲಪ್ಪ ಚೆನ್ನಾಗಿಯೇ ಕಂಡ. ಕತ್ತನ್ನು ಕಾಲರಿಗೆ ಒಗ್ಗಿಸಿದೆ. ಗುಂಡು ಬಿದ್ದ ತೋಳನ್ನು ಕುತ್ತಿಗೆಗೆ ಕಟ್ಟಿ ತೂಗುಹಾಕಿದೆ. ಮಿಂಚಮ್ಮನ ಕರುಳಿಗೆ ಮನೆ ಕಟ್ಟಿಕೊಟ್ಟೆ. ಕೊನೆಗೆ ಮುಷ್ಟಿಗಾತ್ರದ ಹೃದಯ. ಎದುರು ನಿಂತವನ ಎಡವೆಂದರೆ ನನ್ನ ಬಲ, ಅಷ್ಟೂ ತಿಳಿಯದವನೇ ನಾನು? ಲೆಕ್ಕ ಹಾಕಿಯೇ ಇಟ್ಟೆ. ಲಿವರನ್ನು ಆಚೆ ಬದಿಗೆ ಸಾಗಿಸಿದೆ.

ಸೊಸೆ ಎದ್ದಾಗ ಹೊತ್ತಾಗಿತ್ತು. ಹಾಳೆಯನ್ನು ನೆಟ್ಟಗೆ ಹಿಡಿದು, ಹಿಂದಿನಿಂದ ಮೂಡಿದ ಗುರುತಿನ ಮೇಲೆ ಸರಸರನೆ ಶಾಯಿ ಎಳೆದಳು. ಎಡಬಲ ಸರಿಯಾಗಿದೆಯೇ, ನನ್ನ ತಲೆ ಓಡುತ್ತಿಲ್ಲ ಎಂದು ಕೇಳಿದಳು. ಟೇಪು ಹಿಡಿದ ಕೈ ಇದು ಎಂದು ಗದರಿದೆ. ಪುಟಗಳು ಹೋದವು.

ಪತ್ರಿಕೆ ಬಂದ ದಿನ ಮೊದಲು ತೆರೆದವಳು ನನ್ನ ಹೆಂಡತಿ. (ಅದನ್ನು ಓದುವುದೇ ಇಲ್ಲವೆಂದು ಅವಳ ಹೇಳಿಕೆ.) ಪುಟ ನೋಡಿದಳು, ತನ್ನ ಎದೆ ಮುಟ್ಟಿಕೊಂಡಳು, ಮತ್ತೆ ಪುಟ ನೋಡಿದಳು.

"ರೀ, ನಿಮ್ಮೆದೆ ಯಾವ ಕಡೆ ಬಡ್ಕೊಳ್ಳುತ್ತೆ?"

"ಎಡಕ್ಕೆ."

"ಮತ್ತೆ ಇವನದನ್ನ ಯಾಕೆ ಬಲಕ್ಕೆ ಹೊಲ್ದಿದ್ದೀರಿ?"

ತಿರುವಿದ ಹಾಳೆಯಲ್ಲಿ ಅವನ ಎಡಬಲವೂ ಅದಲುಬದಲಾಗಿತ್ತು. ಬಟ್ಟೆಯನ್ನು ಒಳಹೊರಗು ತಿರುವಿದರೆ ಅಂಗಿಯಾಗುತ್ತದೆ. ಮನುಷ್ಯನನ್ನು ತಿರುವುವ ಪದ್ಧತಿ ಇಲ್ಲವೆಂಬುದು ಅಷ್ಟು ವರ್ಷದ ಅನುಭವಕ್ಕೆ ಹೊಳೆದಿರಲಿಲ್ಲ. ಸೊಸೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕುಂಚಗಳನ್ನೆಲ್ಲ ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಳು. ನನ್ನ ಹೊಲಿಗೆ ಅಂಗಡಿ ಮುಚ್ಚಿದ ದಿನ ನಾನು ಕತ್ತರಿಗಳನ್ನು ಸುತ್ತಿಟ್ಟದ್ದೂ ಹಾಗೆಯೇ.

ಮಾರನೆಯ ದಿನ ಆ ಡಾಕ್ಟರದೇ ಫೋನ್. ಒಳಾಂಗಗಳನ್ನು ತೀರ್ಮಾನಿಸಿದವರು ಯಾರೆಂದು ಕೇಳಿದರಂತೆ. ಸೊಸೆ ಫೋನನ್ನು ನನ್ನ ಕೈಗಿಟ್ಟಳು. ಬೈಗುಳಕ್ಕೆ ಕಿವಿ ಕೊಟ್ಟು ನಿಂತೆ. ಡಾಕ್ಟರು ಮೆಲ್ಲಗೆ ಮಾತಾಡಿದರು. ಅವರ ಆಸ್ಪತ್ರೆಯಲ್ಲಿ ಒಂದು ಹುಡುಗಿ ಇದ್ದಾಳಂತೆ. ಹುಟ್ಟಿನಿಂದಲೇ ಹೃದಯ ಬಲಕ್ಕೆ, ಲಿವರ್ ಎಡಕ್ಕೆ. ಅಪರೂಪಕ್ಕೆ ಹಾಗೆ ಹುಟ್ಟುವವರು ಇರುತ್ತಾರಂತೆ. ಆದರೆ ಆ ಮಗು ತನ್ನನ್ನು ತಪ್ಪಾಗಿ ಮಾಡಿದ್ದಾರೆಂದು ನಂಬಿಕೊಂಡು, ಎದೆಯ ಹತ್ತಿರ ಯಾರ ಕೈಯೂ ಸುಳಿಯಲು ಬಿಡುತ್ತಿರಲಿಲ್ಲವಂತೆ. ಈಗ ಪತ್ರಿಕೆ ಹಿಡಿದು ವಾರ್ಡೆಲ್ಲ ತಿರುಗಿ, ಸಿಡಿಲಪ್ಪ ನನ್ನ ಹಾಗೇ ಎಂದು ಸಾರುತ್ತಿದ್ದಾಳಂತೆ.

"ಅಂಥ ಮಕ್ಕಳಿಗಾಗೇ ಬರೆದ್ರಾ ನೀವು?" ಎಂದು ಕೇಳಿದರು.

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದು ಎದೆಯುಬ್ಬಿಸಿ ನಿಂತಿತ್ತು. ಅದನ್ನು ನುಂಗಿಕೊಂಡೆ. "ಇಲ್ಲ ಸ್ವಾಮಿ. ನಾನು ದರ್ಜಿ. ಹಾಳೆ ತಿರುವಿ ಗುರುತು ಹಾಕಿದ್ದೆ."

ಡಾಕ್ಟರು ಬಹಳ ನಕ್ಕರು. ಇದನ್ನು ಆ ಮಗುವಿಗೆ ಹೇಳುವುದು ಬೇಡ, ಇನ್ನು ಮುಂದೆ ಹೃದಯ ಅಲ್ಲಿಂದ ಕದಲಕೂಡದು ಎಂದು ಹೇಳಿ, ಸಂಪಾದಕರಿಗೂ ತಾವೇ ಹೇಳುವುದಾಗಿ ಮಾತು ಕೊಟ್ಟರು. ಕತ್ತು, ಸೊಂಟ, ತೂಗುಹಾಕಿದ ತೋಳು ಹೇಗಿದ್ದವು ಎಂದು ಕೇಳದಿರಲು ನನ್ನಿಂದಾಗಲಿಲ್ಲ. ಅವನ್ನು ಅವರು ಗಮನಿಸಿಯೇ ಇರಲಿಲ್ಲ.

ಸಂಪಾದಕರು ಗಮನಿಸಿದ್ದರು. ಸಿಡಿಲಪ್ಪ ಕಾಯಿಲೆಯಿಂದ ಎದ್ದವನಂತೆ ಕಾಣುತ್ತಾನೆಂದು ಮಕ್ಕಳ ದೂರಂತೆ. ಹಾಗಾಗಿ ಅವನ ಕತ್ತು ಮತ್ತೆ ಊದಿಕೊಂಡಿತು, ತೋಳಿನ ಕಟ್ಟು ಬಿಚ್ಚಿತು, ಮಿಂಚಮ್ಮನ ಕರುಳಿಗೆ ಮತ್ತೆ ಮನೆ ಇಲ್ಲದಂತಾಯಿತು. ನನ್ನ ಸಕಲ ಪಾಂಡಿತ್ಯದಲ್ಲಿ ಉಳಿದದ್ದು ನನ್ನ ತಪ್ಪೊಂದೇ.

ಈಗ ಪ್ರತಿವಾರ ಸೊಸೆ ಹಾಳೆಯನ್ನು ತಾನೇ ತಿರುವಿ ನನ್ನ ಮುಂದಿಡುತ್ತಾಳೆ. "ಬೇರೇನೂ ಮುಟ್ಟಬೇಡಿ ಮಾವ. ಹೃದಯ ಮಾತ್ರ ನೀವೇ ಇಡಿ. ನಾನಿಟ್ರೆ ಸರಿಯಾಗಿಬಿಡುತ್ತೆ."

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ನಾನು ಉಸಿರು ಬಿಗಿಹಿಡಿದು, ಎಲ್ಲಿ ಸರಿಯಾಗಿಬಿಡುವುದೋ ಎಂದು ಹೆದರುತ್ತ, ಮತ್ತೆ ಮತ್ತೆ ಅಳೆದು ಗುರುತು ಹಾಕುತ್ತೇನೆ.