ಬನಿಯನ್ನಿನ ಜೇಬಿನಲ್ಲಿ ಯುರೋಪು

ಬೇರೆಯವರು ಪ್ರವಾಸ ಹೋದರೆ ಊರು ನೋಡಿಕೊಂಡು ಬರುತ್ತಾರೆ. ನಾನು ಹೋದರೆ ಊರಿನವರು ನನ್ನನ್ನು ನೋಡಿಕೊಂಡು ಹೋಗುತ್ತಾರೆ. ಇದು ಇವತ್ತು ನಿನ್ನೆಯ ಕಥೆಯಲ್ಲ. ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿನಿಂದ ಅಂಧೇರಿಯ ಚಿಕ್ಕಮ್ಮನ ಮನೆಗೆ ಹೋಗಿ ಬರುವಷ್ಟರಲ್ಲೂ ಏನಾದರೊಂದು ಫಜೀತಿ ಮಾಡಿಕೊಂಡೇ ಬರುವವನು ನಾನು. ಅಂಥವನನ್ನು ಐವತ್ತರ ದಶಕದಲ್ಲಿ, ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ಕಲಿಯಲೆಂದು ಇಂಗ್ಲೆಂಡಿಗೆ ಕಳಿಸಿ, ಈಸ್ಟರ್ ರಜೆಯನ್ನೂ ಕೊಟ್ಟು, ರೈಲು ಹತ್ತಿದರೆ ಸಿಗುವಷ್ಟು ದೂರದಲ್ಲಿ ಇಟಲಿಯನ್ನೂ ಇಟ್ಟರೆ ಏನಾಗಬೇಕೋ ಅದೇ ಆಯಿತು.

೧. ಕುರ್ಲಾದ ಕಿಸೆಗಳ್ಳ

ಎಲ್ಲಕ್ಕೂ ಮೂಲ ಕುರ್ಲಾ ಸ್ಟೇಷನ್ನಿನ ಒಬ್ಬ ಕಿಸೆಗಳ್ಳ. ಬಂದರಿನ ಗೋದಾಮಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಅಪ್ಪಯ್ಯನ ಕೋಟಿನಿಂದ ಅವನು ಪಾಕೀಟು ಹಾರಿಸಿದ್ದ. ಅದರಲ್ಲಿದ್ದದ್ದು ರೈಲಿನ ಪಾಸು ಮತ್ತು ಕೃಷ್ಣದೇವರ ಒಂದು ಸಣ್ಣ ಪಟ. ಅಪ್ಪಯ್ಯ ಅದನ್ನು ವಾರದೊಳಗೆ ಮರೆತರು. ಅಮ್ಮ ಮರೆಯಲಿಲ್ಲ. ಆ ದಿನದಿಂದ ಅವಳ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಬಗೆಯ ಜನ: ಕಿಸೆ ಇರುವವರು, ಕಿಸೆಗೆ ಕೈ ಹಾಕುವವರು.

ನಾನು ವಿಲಾಯತಿಗೆ ಹೊರಟಾಗ ಬಿಲ್ಡಿಂಗಿನವರೆಲ್ಲ ಚಳಿಯ ಬಗ್ಗೆ, ಊಟದ ಬಗ್ಗೆ ಬುದ್ಧಿ ಹೇಳಿದರು. ಅಮ್ಮ ಸೂಜಿ ಹಿಡಿದು ಕೂತಳು. ನನ್ನ ಬನಿಯನ್‌ಗಳಿಗೆಲ್ಲ ಎದೆಯ ಒಳಬದಿಗೆ ಒಂದೊಂದು ಜೇಬು, ಜೇಬಿಗೆ ಮುಚ್ಚಳ, ಮುಚ್ಚಳಕ್ಕೆ ಗುಂಡಿ. ದಾರ ಮಾತ್ರ ಸಾಮಾನ್ಯದ್ದಲ್ಲ. ಅಪ್ಪಯ್ಯನ ಗೋದಾಮಿನಲ್ಲಿ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದ ದಾರ.

“ಪಾಸ್‌ಪೋರ್ಟ್ ಇದ್ರೊಳಗೇ ಇರ್ಬೇಕು ಮಾಣಿ. ಸ್ನಾನಕ್ಕೆ ಬಿಟ್ರೆ ಇದನ್ನು ಮೈಯಿಂದ ತೆಗಿಲಿಕ್ಕಿಲ್ಲ,” ಎಂದಳು.

“ಅಲ್ಲೆಲ್ಲ ಕಿಸೆಗಳ್ಳರು ಇರೂದಿಲ್ಲ ಅಮ್ಮ.”

“ಇರೂದಿಲ್ವಾ? ಇಷ್ಟು ವರ್ಷ ನಮ್ಮ ಕಿಸೆಗೆ ಕೈ ಹಾಕಿದವ್ರು ಮತ್ತೆ ಎಲ್ಲಿಂದ ಬಂದದ್ದು?”

ಅಪ್ಪಯ್ಯ ಇನ್ನಷ್ಟು ಹೆದರಿಸಿದರು: “ಪಾಸ್‌ಪೋರ್ಟ್ ಕಳೆದ್ರೆ ಕಾಲೇಜೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ಓದು ಅರ್ಧಕ್ಕೆ ಬಿಟ್ಟು ಸೀದಾ ಮನೆಗೆ ಬರ್ಬೇಕು. ಮತ್ತೆ ಬಿಲ್ಡಿಂಗಿನವ್ರಿಗೆ ನಾನು ಎಂತ ಹೇಳುದು?”

ಬಲ್ಲಾರ್ಡ್ ಪಿಯರಿನಲ್ಲಿ ಹಡಗು ಹತ್ತುವ ಮೊದಲು ಅಮ್ಮ ಅಷ್ಟು ಜನರ ಎದುರಿಗೇ ನನ್ನ ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಸುತ್ತಲಿದ್ದವರು ತಾಯಿಯ ಕರುಳು ಎಂದು ಕಣ್ಣೊರೆಸಿಕೊಂಡರು. ಅಮ್ಮ ನೋಡುತ್ತಿದ್ದದ್ದು ನಾನು ಜೇಬಿನ ಗುಂಡಿ ಹಾಕಿದ್ದೇನೆಯೋ ಇಲ್ಲವೋ ಎಂದು.

೨. ಗಡಿಯ ಆಫೀಸರು

ರಜೆ ಶುರುವಾದದ್ದೇ ರೈಲು ಹತ್ತಿದೆ. ರೋಮ್, ಫ್ಲಾರೆನ್ಸ್, ವೆನಿಸ್. ಶಾಲೆಯ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಊರುಗಳು ನಿಜವಾಗಿಯೂ ಇವೆಯೋ ಎಂದು ನೋಡಬೇಕಿತ್ತು. ಚಳಿಗೆ ಹೆದರಿ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಮೈಮೇಲೆ ಹೇರಿಕೊಂಡಿದ್ದೆ. ಎದುರಿನ ಸೀಟಿನಲ್ಲಿ ಇಟಲಿಯ ಒಬ್ಬ ಅಜ್ಜಿ, ಅವಳ ಪಕ್ಕದಲ್ಲಿ ಮಗಳು, ಅಳಿಯ.

ಗಡಿ ಬಂತು. ಒಬ್ಬ ಆಫೀಸರು ಬಾಗಿಲು ಸರಿಸಿ “ಪಾಸ್‌ಪೋರ್ಟ್” ಎಂದ. ನಾನು ಎದ್ದು ನಿಂತು ಓವರ್‌ಕೋಟು ತೆಗೆದೆ. ಅವನು ಕಾದ. ಕೋಟು ತೆಗೆದೆ. ಆಗಲೂ ಕಾದ. ಸ್ವೆಟರು ಕಳಚಿ, ಟೈ ಬಿಚ್ಚಿ, ಶರ್ಟಿನ ಗುಂಡಿಗೆ ಕೈ ಹಾಕಿದಾಗ ಅವನ ಮುಖ ಕೆಂಪಗಾಯಿತು.

“ನೋ ಡಾಕ್ಟರ್! ಪಾಸ್‌ಪೋರ್ಟ್!” ಎಂದು ಕೂಗಿದ.

“ಯೆಸ್, ಪಾಸ್‌ಪೋರ್ಟ್,” ಎಂದು ನಾನು ಎದೆ ಮುಟ್ಟಿ ತೋರಿಸಿದೆ. ನನಗೆ ಎದೆಯದ್ದೇ ಕಾಯಿಲೆ ಎಂದು ಅವನಿಗೆ ಖಾತ್ರಿಯಾಯಿತು. ಮೂಗಿಗೆ ಕರ್ಚೀಫು ಹಿಡಿದು ಹಿಂದೆ ಸರಿದ. ಅಜ್ಜಿ ಜಪಮಾಲೆ ಹೊರತೆಗೆದಳು. ನಾನು ಗೋಣಿದಾರದ ಗುಂಡಿಯೊಡನೆ ಗುದ್ದಾಡಿ ಕೊನೆಗೂ ಪಾಸ್‌ಪೋರ್ಟ್ ಹೊರಗೆಳೆದಾಗ ಡಬ್ಬಿಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಆಫೀಸರು ಠಸ್ಸೆ ಒತ್ತಿ ಓಡಿದ.

ಆದರೆ ಗಡಿಯೆಂದ ಮೇಲೆ ಈಚೆಯ ದೇಶದಿಂದ ಬಿಡುವವನು ಒಬ್ಬ, ಆಚೆಯ ದೇಶಕ್ಕೆ ಸೇರಿಸಿಕೊಳ್ಳುವವನು ಇನ್ನೊಬ್ಬ. ಅದು ನನಗೆ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಒಳಗಿಟ್ಟು, ಗುಂಡಿ ಹಾಕಿ, ಎಲ್ಲವನ್ನೂ ಮತ್ತೆ ತೊಟ್ಟು, ಟೈ ಸರಿ ಮಾಡಿಕೊಂಡು ಕೂತೆ ಎನ್ನುವಾಗ ಎರಡನೆಯ ಆಫೀಸರು ಬಂದು “ಪಾಸ್‌ಪೋರ್ಟ್” ಎಂದ.

ಈ ಸಲ ನಾನು ಏಳುವ ಮೊದಲೇ ಅಜ್ಜಿ ಎದ್ದಳು. ಅವನ ತೋಳು ಹಿಡಿದು ತನ್ನ ಪಕ್ಕದಲ್ಲಿ ಕೂರಿಸಿದಳು. ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ಕೈಗೆ ಕೊಟ್ಟು, ಹೊತ್ತಾಗುತ್ತದೆ, ನಿಧಾನಕ್ಕೆ ಸುಲಿದು ತಿನ್ನು ಎಂದು ಸನ್ನೆ ಮಾಡಿದಳು.

೩. ಎತ್ತಿ ಕುಡಿದದ್ದು

ಅಷ್ಟು ಸಲ ಬಿಚ್ಚಿ ತೊಟ್ಟು ಬಾಯಾರಿತ್ತು. ಅಜ್ಜಿಯ ಅಳಿಯ ನೀರಿನ ಬಾಟಲಿ ಕೊಟ್ಟ. ಎಲ್ಲರೂ ಅದೇ ಬಾಟಲಿಗೆ ಬಾಯಿಟ್ಟು ಕುಡಿದಿದ್ದರು. ಎಂಜಲು ಎಂದು ಬೇಡವೆಂದರೆ ಅವರಿಗೆ ಬೇಸರ, ಬಾಯಿಟ್ಟರೆ ಅಮ್ಮನಿಗೆ ಬೇಸರ. ಮಾಟುಂಗದ ಹೋಟೆಲಿನಲ್ಲಿ ಕುಡಿಯುವ ಹಾಗೆ ತಲೆ ಹಿಂದಕ್ಕೆ ಚೆಲ್ಲಿ, ಬಾಟಲಿಯನ್ನು ಒಂದು ಗೇಣು ಮೇಲಕ್ಕೆತ್ತಿ ಗಟಗಟನೆ ಸುರಿದುಕೊಂಡೆ.

ಬಾಟಲಿ ಇಳಿಸಿ ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲೆ. ಆಮೇಲೆ ಚಪ್ಪಾಳೆ. ನಮ್ಮ ಬಿಲ್ಡಿಂಗಿನಲ್ಲಿ ಆರು ವರ್ಷದ ಮಕ್ಕಳೂ ಮಾಡುವ ಕೆಲಸಕ್ಕೆ ನನಗೆ ಜೀವನದಲ್ಲಿ ಮೊದಲ ಚಪ್ಪಾಳೆ ಸಿಕ್ಕಿತು. ಪಕ್ಕದ ಡಬ್ಬಿಯವರನ್ನು ಕರೆದು ತಂದು ಇನ್ನೊಮ್ಮೆ ಮಾಡಿಸಿದರು. ಮತ್ತೆ ತಾವೂ ಶುರು ಮಾಡಿದರು. ಅಳಿಯನಿಗೆ ನೀರು ಮೂಗಿಗೆ ಹೋಯಿತು, ಮಗಳಿಗೆ ಕುತ್ತಿಗೆಯೊಳಗೆ ಇಳಿಯಿತು. ಅಜ್ಜಿಯಂತೂ ಹಟಕ್ಕೆ ಬಿದ್ದು ಕಲಿತೇ ಕಲಿಯುತ್ತೇನೆಂದು ಕೂತಳು. ನಾನು ಗುರುವಿನ ಗತ್ತಿನಲ್ಲಿ ಅವಳ ಗಲ್ಲ ಎತ್ತಿ ಹಿಡಿದು ಹೇಳಿಕೊಟ್ಟೆ.

ರೋಮಿನಲ್ಲಿ ಅಜ್ಜಿಯನ್ನು ಕರೆದೊಯ್ಯಲು ಅವಳ ಮಗ ಬಂದಿದ್ದ. ಬಟ್ಟೆಯೆಲ್ಲ ಒದ್ದೆಯಾಗಿ, ಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತ, ನಗುತ್ತ ಇಳಿದ ಮನೆಯವರನ್ನು ನೋಡಿ ಅವನು ಪಾಪ, ಸ್ಟೇಷನ್ನಿನ ಆಚೆ ಹೊಳೆಯುತ್ತಿದ್ದ ಬಿಸಿಲನ್ನೊಮ್ಮೆ, ರೈಲಿನ ಸೂರನ್ನೊಮ್ಮೆ ನೋಡಿದ.

೪. ಒಂದು ಇಲ್ಲಿ, ಒಂದು ಅಲ್ಲಿ

ರೋಮಿನಲ್ಲಿ ಒಂದು ಹಳೆಯ ದೊಡ್ಡ ಇಗರ್ಜಿ ನೋಡಲು ಹೋದೆ. ಮೆಟ್ಟಿಲ ಹತ್ತಿರ ಬಂದ ಕೂಡಲೇ ಕಾಲು ತಾನಾಗಿಯೇ ಬೂಟು ಕಳಚಿತು. ಮುಂಬಯಿಯ ದೇವಸ್ಥಾನಗಳ ಹೊರಗೆ ಹೊಸ ಚಪ್ಪಲಿ ಉಳಿಸಿಕೊಳ್ಳುವ ಉಪಾಯ ಗೊತ್ತಿದ್ದವರಿಗೆ ಗೊತ್ತು: ಒಂದನ್ನು ಒಂದು ಮೂಲೆಯಲ್ಲಿ ಬಿಡುವುದು, ಇನ್ನೊಂದನ್ನು ದೂರದ ಇನ್ನೊಂದು ಮೂಲೆಯಲ್ಲಿ. ಜೋಡಿಯಿಲ್ಲದ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ. ನಾನೂ ಎಡಗಾಲಿನದನ್ನು ಬಾಗಿಲ ಈ ಬದಿ, ಬಲಗಾಲಿನದನ್ನು ಆ ಕಡೆಯ ಕಂಬದ ಹಿಂದೆ ಇಟ್ಟು ಒಳಗೆ ನಡೆದೆ.

ಒಳಗೆ ತಂಪು, ಮೇಣದಬತ್ತಿಯ ಬೆಳಕು. ಯಾವ ದೇವರಾದರೇನು, ಬಂದ ಮೇಲೆ ಒಂದು ಪ್ರದಕ್ಷಿಣೆ ಹಾಕಬೇಡವೇ? ಕೈಮುಗಿದುಕೊಂಡು ಸುತ್ತು ಶುರು ಮಾಡಿದೆ. ಎರಡನೆಯ ಸುತ್ತಿನಲ್ಲಿ ಬೆನ್ನ ಹಿಂದೆ ಮೆತ್ತಗೆ ಕಾಲಸಪ್ಪಳ ಕೇಳಿಸಿತು. ತಿರುಗಿದರೆ, ಒಂದು ಗುಂಪು ಇಂಗ್ಲಿಷ್ ಪ್ರವಾಸಿಗಳು ಸಾಲಾಗಿ ಕೈಮುಗಿದುಕೊಂಡು ಬರುತ್ತಿದ್ದಾರೆ. ಅವರ ಗೈಡು ಎಲ್ಲೋ ತಪ್ಪಿಸಿಕೊಂಡಿದ್ದನಂತೆ. ನಾನು ಅಷ್ಟು ಖಚಿತವಾಗಿ ಎಲ್ಲವನ್ನೂ ಮಾಡುವುದನ್ನು ಕಂಡು, ಇಲ್ಲಿಯ ಪದ್ಧತಿ ಬಲ್ಲವನು ಸಿಕ್ಕಿದ ಎಂದು ಹಿಂದೆ ಬಿದ್ದಿದ್ದರು.

“ಎಷ್ಟು ಸುತ್ತು?” ಎಂದು ಒಬ್ಬ ದಪ್ಪ ಹೆಂಗಸು ಪಿಸುಗುಟ್ಟಿದಳು.

“ಮೂರು,” ಎಂದೆ. ನನಗೆ ಗೊತ್ತಿದ್ದ ನಮ್ಮ ಮನೆಯ ಲೆಕ್ಕ ಅದೇ. ಎಲ್ಲರೂ ಭಕ್ತಿಯಿಂದ ಮೂರು ಸುತ್ತಿದರು.

ನಿಜವಾದ ಗೈಡು ಏದುಸಿರು ಬಿಡುತ್ತ ಬಂದಾಗ ಅವನ ಗುಂಪು ಹೊರಗೆ ಮೆಟ್ಟಿಲಿನ ಮೇಲಿತ್ತು. ಬೂಟು ಬಿಡುವ ವಿಧಾನವನ್ನೂ ಅವರು ನನ್ನನ್ನು ನೋಡಿಯೇ ಕಲಿತಿದ್ದರು. ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಒಂದೊಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಎಲ್ಲಿಟ್ಟೆವೆಂದು ಕಂಬ ಕಂಬದ ಹಿಂದೆ ಕುಂಟುತ್ತ ಹುಡುಕುತ್ತಿದ್ದರು. ನಾನು ನನ್ನ ಜೋಡಿ ಸಿಕ್ಕಿದ್ದೇ ಫ್ಲಾರೆನ್ಸಿನ ರೈಲು ಹಿಡಿದೆ.

೫. ಕಾಲುವೆಯ ಮೇಲೆ

ಫ್ಲಾರೆನ್ಸಿನಲ್ಲಿ ಏನೂ ಆಗಲಿಲ್ಲ. ಅದಕ್ಕೇ ನನಗೆ ಆ ಊರಿನ ನೆನಪೂ ಅಷ್ಟಾಗಿ ಇಲ್ಲ. ಆಗಬೇಕಾದದ್ದು ವೆನಿಸಿನಲ್ಲಿ ಕಾದು ಕೂತಿತ್ತು.

ಅಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಬನಿಯನ್ ಕಳಚಿ ಕುರ್ಚಿಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಹಳ ದಿನಗಳ ಮೇಲೆ ಬಿಸಿನೀರು ಸಿಕ್ಕಿತ್ತು. ಮಂತ್ರ, ಹಾಡು ಎಲ್ಲ ಮುಗಿಸಿ, ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಂದರೆ ಕುರ್ಚಿ ಖಾಲಿ.

ಅಪ್ಪಯ್ಯನ ಮುಖ, ಬಿಲ್ಡಿಂಗಿನವರ ಮುಖ, ಅರ್ಧಕ್ಕೆ ನಿಂತ ಓದು ಎಲ್ಲ ಕಣ್ಣೆದುರು ಬಂದವು. ಮಂಚದ ಕೆಳಗೆ, ಹಾಸಿಗೆಯ ಒಳಗೆ ಹುಡುಕಿದೆ. ಕಡೆಗೆ ಕಿಟಕಿಗೆ ಬಂದೆ.

ಕೆಳಗೆ ಕಾಲುವೆ. ಈ ಕಿಟಕಿಯಿಂದ ಆಚೆ ದಡದ ಮನೆಯ ಕಿಟಕಿಗೆ ಬಟ್ಟೆ ಒಣಗಿಸುವ ಹಗ್ಗ, ಎಳೆದರೆ ರಾಟೆಯ ಮೇಲೆ ಓಡುವಂಥದ್ದು. ಅದರ ನಟ್ಟನಡುವೆ ನನ್ನ ಬನಿಯನ್ ನೇತಾಡುತ್ತಿತ್ತು. ಮನೆಯೊಡತಿ ಪುಣ್ಯಾತ್ಮಳು ಅದನ್ನು ಸೋಪು ಹಾಕಿ ತಿಕ್ಕಿ ಒಗೆದು ಹರಡಿದ್ದಳು. ಎದೆಯ ಭಾಗ ಭಾರಕ್ಕೆ ಜೋತುಬಿದ್ದು ನೀಲಿ ನೀರು ಸುರಿಸುತ್ತಿತ್ತು. ಅದು ಪಾಸ್‌ಪೋರ್ಟಿನ ರಟ್ಟಿನ ಬಣ್ಣ. ಬಣ್ಣದ ವಿದ್ಯಾರ್ಥಿಯಾದ ನಾನು ಬಣ್ಣ ನಿಲ್ಲಲಿ ದೇವರೇ ಎಂದು ಅಷ್ಟು ಮನಸಾರೆ ಯಾವ ಪರೀಕ್ಷೆಯಲ್ಲೂ ಬೇಡಿಕೊಂಡಿರಲಿಲ್ಲ.

ಹಗ್ಗ ಎಳೆದೆ. ಎಳೆಯಬೇಕಾದ ಹಗ್ಗ ಬಿಟ್ಟು ಇನ್ನೊಂದನ್ನು ಎಳೆದೆ. ಬನಿಯನ್ ಆಚೆ ಮನೆಗೆ ಹೊರಟುಹೋಯಿತು. ಅಲ್ಲಿಯ ಹೆಂಗಸು ಅದನ್ನು ಹಿಡಿದು, ಒಳಗೇನೋ ಗಟ್ಟಿಯಾದದ್ದಿದೆ ಎಂದು ಗುಂಡಿ ಬಿಚ್ಚಲು ನೋಡಿದಳು. ಗೋಣಿದಾರ, ಅಮ್ಮನ ಕೈ; ಬಿಚ್ಚಲಿಲ್ಲ. ಅವಳು ಒಳಗೆ ಹೋಗಿ ಕತ್ತರಿ ತಂದಳು.

“ಬೇಡಾ! ಕತ್ತರಿಸ್ಬೇಡಿ ಮಾರಾಯ್ರೇ!” ಎಂದು ಅಪ್ಪಟ ಕನ್ನಡದಲ್ಲಿ ಕಿರುಚಿದೆ. ಓಣಿಯ ಕಿಟಕಿಗಳೆಲ್ಲ ತೆರೆದವು. ಸೊಂಟಕ್ಕೆ ಟವೆಲು, ಹೆಗಲಿಗೆ ಜನಿವಾರ, ಎರಡೂ ಕೈ ಮೇಲೆತ್ತಿದ ನಾನು. ಕೆಳಗೆ ಬಂದ ದೋಣಿಯೊಂದು ನಿಂತುಬಿಟ್ಟಿತು. ಅದರೊಳಗಿದ್ದವರು ವೆನಿಸಿನಲ್ಲಿ ನೋಡಬೇಕಾದವುಗಳ ಪಟ್ಟಿಯಲ್ಲಿ ಇದೂ ಒಂದೋ ಎಂಬಂತೆ ನನ್ನ ಫೋಟೋ ತೆಗೆದರು.

ಮನೆಯೊಡತಿ ಓಡಿಬಂದು ಕೂಗಿ ಹೇಳಿ ಬನಿಯನ್ ವಾಪಸು ತರಿಸಿದಳು. ಅವಳ ಹೇರ್‌ಪಿನ್ನಿನಿಂದ ಗುಂಡಿ ಎಬ್ಬಿಸಿ ಪಾಸ್‌ಪೋರ್ಟ್ ತೆಗೆದೆ. ಹಾಳೆಗಳು ಅಂಟಿದ್ದವು, ಅಕ್ಷರ ಹಾಗೇ ಇತ್ತು. ಆ ಕ್ಷಣದ ಸಮಾಧಾನವನ್ನು ಏನೆಂದು ಹೇಳಲಿ! ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳು ತಾನು ಮಾಡಿದ್ದೇನೆಂದು ತಿಳಿದು ಅತ್ತಳು. ಅತ್ತುಕೊಂಡೇ ಇಸ್ತ್ರಿಪೆಟ್ಟಿಗೆ ಕಾಯಿಸಿ, ಹಾಳೆ ಹಾಳೆಯ ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದಳು. ಎಲ್ಲ ಚೆನ್ನಾಗಿಯೇ ಒಣಗಿತು. ಫೋಟೋ ಮಾತ್ರ ಬಿಸಿಗೆ ಸುಕ್ಕುಗಟ್ಟಿ, ಕೂದಲು ಬಿಳಿಚಿ, ಇಪ್ಪತ್ತೆರಡರ ನಾನು ಐವತ್ತು ದಾಟಿದ್ದೆ.

೬. ಬಲ್ಲಾರ್ಡ್ ಪಿಯರ್

ಅದೇ ಪಾಸ್‌ಪೋರ್ಟಿನಲ್ಲಿ ಗಡಿಗಡಿಯಲ್ಲೂ ಕಥೆ ಹೇಳಿ ಇಂಗ್ಲೆಂಡಿಗೆ ಮರಳಿದೆ, ಓದೂ ಮುಗಿಸಿದೆ. ಮುಂಬಯಿಗೆ ಬಂದಿಳಿದ ದಿನ ಮೇ ತಿಂಗಳ ಸೆಕೆ. ವಿಲಾಯತಿಯಿಂದ ಬಂದವನು ಕೋಟಿಲ್ಲದೆ ಇಳಿಯುವುದುಂಟೇ ಎಂದು ಪೂರ್ತಿ ಸೂಟು ಹಾಕಿದ್ದೆ. ಮೇಜಿನ ಹಿಂದೆ ಭಾರೀ ಮೈಯ ಮರಾಠಿ ಆಫೀಸರೊಬ್ಬ ಫೋಟೋ ನೋಡಿದ, ನನ್ನನ್ನು ನೋಡಿದ.

“ಯೇ ಕೌನ್ ಹೈ?”

“ನಾನೇ ಸಾಹೇಬ್.”

ಅವನು ತಲೆಯೆತ್ತಿದ. ಕಟಕಟೆಯ ಆಚೆ ಅಪ್ಪಯ್ಯ, ಅಮ್ಮ ಕೈಬೀಸುತ್ತ ನಿಂತಿದ್ದರು. ಅವನು ಅಪ್ಪಯ್ಯನನ್ನು ದಿಟ್ಟಿಸಿದ, ಮತ್ತೆ ಫೋಟೋ ನೋಡಿದ. ಬೆರಳು ಆಡಿಸಿ ಅಪ್ಪಯ್ಯನನ್ನು ಒಳಗೆ ಕರೆದ. ಪಾಸ್‌ಪೋರ್ಟನ್ನು ಅವರ ಕಿವಿಯ ಪಕ್ಕ ಹಿಡಿದು, “ಇದು ಇವರದ್ದು. ಬರಬೇಕಾದವರು ಇವರು. ನೀನು ಯಾರು?” ಎಂದು ಹಿಂದಿಯಲ್ಲಿ ಗದರಿಸಿದ. ಜೀವಮಾನದಲ್ಲಿ ಅಂಧೇರಿಯ ಆಚೆ ಹೋಗಲು ರಜೆ ಸಿಗದ ಅಪ್ಪಯ್ಯ ಹೆದರಿ, “ನಾನು ಎಲ್ಲಿಗೂ ಹೋಗ್ಲಿಲ್ಲ ಸಾಹೇಬ್ರೆ,” ಎಂದು ಕೈಮುಗಿದರು.

ಊರಿಗೆ ಬಂದು ಊರೊಳಗೆ ಬಿಡದ ಹಾಗಾಯಿತಲ್ಲ ಎಂದು ನನಗೆ ಅಳು ಬಂತು. ಅಷ್ಟರಲ್ಲಿ ಅಮ್ಮ ಕಟಕಟೆಯ ಹೊರಗಿನಿಂದಲೇ ಕೂಗಿದಳು: “ಮಾಣೀ, ಎಂತ ನೋಡ್ತಿ? ಬಿಚ್ಚಿ ತೋರ್ಸು!”

ಬಿಚ್ಚಿದೆ. ಕೋಟು, ಟೈ, ಶರ್ಟು. ಅದೇ ವೆನಿಸಿನ ಬನಿಯನ್. ಎದೆಯ ಮೇಲೆ ಪಾಸ್‌ಪೋರ್ಟಿನ ಅಳತೆಯ ಚೌಕ ನೀಲಿ ಕಲೆ, ಅದರ ಮೇಲೆ ಸಿಂಹಗಳ ಮುದ್ರೆಯ ಗುರುತೂ ಮಂಕಾಗಿ ಮೂಡಿತ್ತು. ಆಫೀಸರು ಪಾಸ್‌ಪೋರ್ಟನ್ನು ಜೇಬಿಗೆ ಇಳಿಸಿ ನೋಡಿದ. ಗೆರೆಗೆ ಗೆರೆ ಕೂತಿತು. ಗುಂಡಿ ಹಾಕಿ ಎಳೆದ, ಜಗ್ಗಿದ. ಒಂದು ಎಳೆಯೂ ಬಿಚ್ಚಲಿಲ್ಲ. ನಾನು ವೆನಿಸಿನ ಕಥೆ ಹೇಳಿದೆ. ಅವನು ಮೇಜು ಗುದ್ದಿ ಗುದ್ದಿ ನಕ್ಕು ಠಸ್ಸೆ ಒತ್ತಿದ. ನನ್ನ ಹೆಗಲಿನಿಂದ ಇಡೀ ಯುರೋಪು ಇಳಿದ ಹಾಗಾಯಿತು.

ಆಮೇಲೆ ಅವನು ಎದ್ದು ಕಟಕಟೆಯ ಬಳಿ ಹೋಗಿ, ದನಿ ತಗ್ಗಿಸಿ ಅಮ್ಮನಿಗೆ ಹೇಳಿದ: “ಬಾಯಿ, ಮಲಾ ಪಣ್ ಏಕ್ ಶಿವೂನ್ ದ್ಯಾ. ನನಗೂ ಇಂಥದೊಂದು ಹೊಲಿದು ಕೊಡಿ ತಾಯಿ. ಹೋದ ವಾರವಷ್ಟೇ ಕುರ್ಲಾದಲ್ಲಿ ನನ್ನ ಪಾಕೀಟು ಹೋಯಿತು.”

ಅಮ್ಮ ಅವನ ಎದೆಯನ್ನು ಈ ತೋಳಿನಿಂದ ಆ ತೋಳಿನವರೆಗೆ ಕಣ್ಣಿನಲ್ಲೇ ಅಳೆದು, ನನ್ನ ಕಡೆ ತಿರುಗಿದಳು.

“ಬನಿಯನ್ ತಂದು ಕೊಡ್ಲಿಕ್ಕೆ ಹೇಳು. ಇವರಿಗಾದ್ರೆ ಟ್ರಂಕೇ ಹೊಲಿದು ಕೊಡ್ಬಹುದು.”