ವ್ಯಾಟಿಗೆ ಸಿಕ್ಕ ಗಡ್ಡ

ಕತ್ತಿ ಗಂಟಲ ಹತ್ತಿರ ಇರುವಾಗ ಯಾರೂ ರಾಜಕೀಯ ಮಾತಾಡಬಾರದು. ಗಿರೀಶ ಮಾತಾಡಲೂ ಇಲ್ಲ. ಬರೀ ‘ಹ್ಞೂಂ’ ಅಂದ. ಅಷ್ಟಕ್ಕೇ ಕೆಟ್ಟಿತು.

ಗಿರೀಶ ಕಾಡಂಚಿನ ಮದ್ದೂರಿನ ಚೆಕ್‌ಪೋಸ್ಟಿನಲ್ಲಿ ಅರಣ್ಯ ಇಲಾಖೆಯ ವಾಚರ್. ಅವತ್ತು ಬದನಗುಪ್ಪೆಯಲ್ಲಿ ಹೆಣ್ಣು ನೋಡುವುದಿತ್ತು. ಸೋದರಮಾವ ಶಿವಮಲ್ಲುವಿನ ಜತೆ ಗುಂಡ್ಲುಪೇಟೆಯಲ್ಲಿ ಇಳಿದವನು, ಮುಂದಿನ ಬಸ್ಸು ಬರುವುದರೊಳಗೆ ಗಡ್ಡ ಮಾಡಿಸಿಕೊಳ್ಳೋಣ ಅಂತ ಚೆಲುವಯ್ಯನ ಸಲೂನಿಗೆ ನುಗ್ಗಿದ. ಸರ್ಕಾರ ಆ ಏಪ್ರಿಲ್‌ನಲ್ಲಷ್ಟೇ ವ್ಯಾಟ್ ಅನ್ನುವ ಹೊಸ ತೆರಿಗೆ ತಂದಿತ್ತು. ಅದರ ವಿರುದ್ಧ ಊರಿನ ಅಂಗಡಿಗಳೆಲ್ಲ ಬಂದ್. ವಿರೋಧ ಪಕ್ಷದ ಚೆಲುವಯ್ಯ ಬಂದ್‌ಗೆ ಗೌರವ ಕೊಟ್ಟು ಅರ್ಧ ಶಟರ್ ಇಳಿಸಿ, ಉಳಿದರ್ಧದಲ್ಲಿ ವ್ಯಾಪಾರ ನಡೆಸಿದ್ದ.

“ಬ್ಲೇಡಿಗೂ ವ್ಯಾಟು, ಸೋಪಿಗೂ ವ್ಯಾಟು! ಆ ದುಡ್ಡೆಲ್ಲ ಯಾರೊಟ್ಟೆಗೆ ಓಯ್ತದೆ, ಯೋಳಿ!” ಎಂದು ಗುಡುಗುತ್ತ ಅವನು ಗಿರೀಶನ ಬಲಗೆನ್ನೆ ಮುಗಿಸಿದ.

ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಮುದುಕರೊಬ್ಬರಿಗೆ ತಡೆಯಲಿಲ್ಲ. “ತೆರಿಗೆ ಕೊಡ್ದೆ ರಸ್ತೆ ಎಂಗ್ಲಾ ಮಾಡ್ತರೆ? ಯಾನಪ್ಪಾ ಮಗ, ನೀನೇ ಯೋಳು.”

ಬಾಯಿಯ ಸುತ್ತ ನೊರೆ. ಗಿರೀಶ ಹಿರಿಯರಿಗೆ ಮರ್ಯಾದೆ ಕೊಟ್ಟು “ಹ್ಞೂಂ” ಅಂದ.

ಚೆಲುವಯ್ಯನ ಕತ್ತಿ ಸರ್ರನೆ ಜಾರಿತು. ಅರ್ಧ ಮೀಸೆ ಉದುರಿತು. “ಓ, ಸರ್ಕಾರದ ಕಡೆಯವನಾ ನೀನು? ಅಂಗಾರೆ ಮಿಕ್ಕಿದ್ದ ಸರ್ಕಾರದವರತ್ರನೇ ಮಾಡುಸ್ಕೊ!” ಎಂದವನೇ ಕೊರಳಿನ ಬಟ್ಟೆ ಕಿತ್ತುಕೊಂಡ.

ಅರ್ಧ ಸುಣ್ಣ ಬಳಿದ ಗೋಡೆಯ ಹಾಗೆ ಬೀದಿಗೆ ಬಂದ ಗಿರೀಶನನ್ನು ನೋಡಿ ಹೊರಗೆ ಕಾಯುತ್ತಿದ್ದ ಶಿವಮಲ್ಲು ಎದೆ ಹಿಡಿದುಕೊಂಡ. ಒಂದು ರೇಜರ್ ಕೊಳ್ಳೋಣ ಅಂದರೆ ಅಂಗಡಿಗಳಿಗೆಲ್ಲ ಬೀಗ. ಎದುರಿಗೆ ಆಳುವ ಪಕ್ಷದ ಮಾದಣ್ಣನ ಸಲೂನು ಮಾತ್ರ ಬಂದ್‌ಗೆ ಸವಾಲು ಹಾಕಿ, ಬಾಗಿಲಿಗೆ ಮಾವಿನೆಲೆ ಕಟ್ಟಿಕೊಂಡು ತೆರೆದಿತ್ತು.

ಮಾದಣ್ಣ ಗಿರೀಶನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ ಕೈಕಟ್ಟಿ ನಿಂತ. “ಅವ್ನು ಸುರು ಮಾಡಿದ್ ಕೆಲ್ಸಾನ ನಾನ್ಯಾಕ್ ಮುಗುಸ್ಲಿ? ನಾಳೆ ಎಸ್ರು ಅವನ್ಗೆ ಬತ್ತದೆ.”

“ಎಸ್ರು ಯಾರ್ಗಾದ್ರೂ ಬರ್ಲಿ ಕಣಣ್ಣ, ಗಡ್ಡ ತೆಗುದ್ಬುಡು. ಎಣ್ಣಿನ್ ಮನೇರು ಕಾಯ್ತಾವ್ರೆ!” ಎಂದು ಶಿವಮಲ್ಲು ಕೈಮುಗಿದ.

ಅಷ್ಟರಲ್ಲಿ ಚೆಲುವಯ್ಯನ ಕಡೆಯವರು ಬಾಗಿಲಿಗೆ ಬಂದು, “ನೋಡ್ರಪ್ಪಾ, ವ್ಯಾಟು ಬಂದ್ಮೇಲೆ ಜನಕ್ಕೆ ಒಂದ್ ಪೂರ್ತಿ ಗಡ್ಡಕ್ಕೂ ಗತಿಯಿಲ್ಲ!” ಎಂದು ಕೂಗಿದರು. ಮಾದಣ್ಣನ ಕಡೆಯವರು, “ಅರ್ಧಕ್ಕೆ ಬುಟ್ಟೋರು ನೀವೇ ಅಲ್ವಾ? ನಿಮ್ ಕಾಲದ್ ಕಾಮಗಾರಿ ಎಲ್ಲಾ ಇಂಗೇ!” ಎಂದು ತಿರುಗಿ ಕೂಗಿದರು. ಒಬ್ಬ ಗಿರೀಶನ ಗಲ್ಲ ಹಿಡಿದು ಗಡ್ಡದ ಕಡೆ ತೋರಿಸಿದರೆ, ಇನ್ನೊಬ್ಬ ಅದೇ ಗಲ್ಲ ಹಿಡಿದು ನುಣ್ಣಗಿನ ಕಡೆ ತಿರುಗಿಸಿದ. ಗಿರೀಶನ ಕತ್ತು ಟೇಬಲ್ ಫ್ಯಾನಿನ ಹಾಗೆ ಆಡತೊಡಗಿತು.

ಪಕ್ಷದ ಮಾನ ಹೋಗುತ್ತದೆ ಅನ್ನಿಸಿತೇನೋ, ಮಾದಣ್ಣ ಅಬ್ಬರಿಸಿದ. “ಕೂರ್ಸಿ ಅವನ! ಮೊದ್ಲಿನೋರು ಬುಟ್ಟೋದ ಕೆಲ್ಸ ನಾವು ಮುಟ್ಟಕಿಲ್ಲ. ನಮ್ದೇನಿದ್ರೂ ಒಸ ಯೋಜನೆ!”

ಇಬ್ಬರು ಭುಜ ಒತ್ತಿ ಹಿಡಿದರು. ಹೊಸ ಯೋಜನೆ ನೆತ್ತಿಯಿಂದಲೇ ಶುರುವಾಗುತ್ತದೆ ಅಂತ ಗಿರೀಶನಿಗೆ ಗೊತ್ತಾಗುವ ಹೊತ್ತಿಗೆ ತಲೆಯ ನಡುವೆ ಬೈಪಾಸ್ ರಸ್ತೆ ಬಿದ್ದಿತ್ತು. ತಲೆ ಮುಗಿಯಿತು. ಆಮೇಲೆ ಯೋಜನೆ ವಿಸ್ತರಣೆಯಾಗಿ ಮಿಕ್ಕ ಗಡ್ಡ, ಮಿಕ್ಕ ಮೀಸೆ ಎಲ್ಲ ಹೋದವು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಕನ್ನಡಿಯೊಳಗೆ ಸಿಪ್ಪೆ ಸುಲಿದ ತೆಂಗಿನಕಾಯಿಯೊಂದು ಕಣ್ಣೀರು ತುಂಬಿಕೊಂಡು ಕೂತಿತ್ತು.

ಬಸ್ಸಿನಲ್ಲಿ ಶಿವಮಲ್ಲು ಸಮಾಧಾನ ಹೇಳಿದ. “ಅಳಬ್ಯಾಡ ಕಣ್ಲಾ. ಮಾದಪ್ಪನ ಬೆಟ್ಟುಕ್ಕೋಗಿ ಮುಡಿ ಕೊಟ್ಬಂದ ಅಂದ್ಬುಡನ.”

ಬದನಗುಪ್ಪೆಯಲ್ಲಿ ಹೆಣ್ಣಿನ ತಂದೆ ಪುಟ್ಟಮಾದು ಜಗುಲಿಯಲ್ಲೇ ನಿಂತಿದ್ದ. ಶಿವಮಲ್ಲು ಬಾಯಿ ತೆರೆಯುವ ಮೊದಲೇ, “ಸುಳ್ ಯೋಳ್ಬ್ಯಾಡಿ. ಗುಂಡ್ಲುಪ್ಯಾಟೆಯಿಂದ ನಮ್ ಪಕ್ಷದೋರ ಫೋನ್ ಬಂದದೆ, ಎಲ್ಲಾ ಗೊತ್ತಾಯ್ತು,” ಅಂದ. ಗಿರೀಶ ಬಂದ ದಾರಿಗೇ ತಿರುಗಿದ.

ಪುಟ್ಟಮಾದು ಓಡಿಬಂದು ತಬ್ಬಿಕೊಂಡ. “ವ್ಯಾಟ್ ಬ್ಯಾಡ ಅಂತ ತಲೆ ಬೋಳುಸ್ಕಂಡ ಗಂಡು ನೀನೊಬ್ನೇ ಕಣಪ್ಪಾ! ಅಳಿಯ ಅಂದ್ರೆ ಇಂಗಿರ್ಬೇಕು!”

ನಿಜ ಹೇಳಲು ಗಿರೀಶ ಬಾಯಿ ತೆರೆದ. ಶಿವಮಲ್ಲು ಅವನ ಕಾಲು ತುಳಿದ. ಉಪ್ಪಿಟ್ಟು ಬಂತು, ಕಾಫಿ ಬಂತು, ಕಾಫಿಯ ಹಿಂದೆ ಹುಡುಗಿ ರಂಜಿನಿ ಬಂದಳು. ಬೋಳು ತಲೆ ನೋಡಿ ಸೆರಗು ಬಾಯಿಗೆ ಒತ್ತಿ ನಕ್ಕಳು. ಒಳಗೆ ಹೋಗಿ ಒಪ್ಪಿಗೆ ಅಂತ ಹೇಳಿ ಕಳಿಸಿದಳು. ಬೆಳಗಿನಿಂದ ಮೊದಲ ಸಲ ಗಿರೀಶನಿಗೆ ವ್ಯಾಟಿನ ಮೇಲೆ ಪ್ರೀತಿ ಬಂತು.

“ಅಂಗಾರೆ ಲಗ್ನ ಯಾವಾಗ ಇಟ್ಕಳನ?” ಎಂದ ಶಿವಮಲ್ಲು.

“ಅದಕ್ಯಾನ ಬುಡಿ,” ಅಂದ ಪುಟ್ಟಮಾದು ನೆಮ್ಮದಿಯಾಗಿ. “ವ್ಯಾಟ್ ತೆಗೆದ ಮಾರ್ನೆ ದಿನಾನೇ ಚಪ್ಪರ. ಅಲ್ಲಿಗಂಟ ನಮ್ಮನೇಲಿ ಒಂದ್ ಶುಭಕಾರ್ಯನೂ ಮಾಡಕಿಲ್ಲ ಅಂತ ಮೊನ್ನೆ ಚಾಮ್ರಾಜನಗರದ ಸಭೇಲಿ, ಮೈಕಲ್ಲಿ ಆಣೆ ಮಾಡ್ಬುಟ್ಟಿವ್ನಿ.”

ಗಿರೀಶ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ನೀರು ಕುಡಿದು ಮೆಲ್ಲಗೆ ಕೇಳಿದ: “ಯಜಮಾನ್ರೇ, ನಿಮ್ ಪಕ್ಷ ಬಂದ್ರೆ ತೆಗುದ್ಬುಡ್ತರೆ, ಅಲ್ವಾ?”

ಪುಟ್ಟಮಾದು ಅವನನ್ನು ಮಗುವನ್ನು ನೋಡುವ ಹಾಗೆ ನೋಡಿದ.

“ಅದೆಂಗಪ್ಪಾ ಆಯ್ತದೆ? ನಾವು ಬಂದ್ಮೇಲೆ ನಮ್ಗೂ ಸರ್ಕಾರ ನಡ್ಸಕ್ಕೆ ದುಡ್ ಬ್ಯಾಡ್ವಾ?”